ರುಪೆರ್ತಾ ಸೋಸುವ ಕ್ಲೋರೋಫಾರ್ಮ್

ಹೊಸ ಅಣುವೊಂದು ಸಿದ್ಧವಾಯಿತೆಂದರೆ ಪ್ರಾಧ್ಯಾಪಕರ ಹೆಸರನ್ನು ಬಾಯಿಪಾಠ ಮಾಡುವ ನೀವು, ಅದು ಹುಟ್ಟಿದ ದ್ರವವನ್ನು ಶುದ್ಧಗೊಳಿಸಿದವರು ಯಾರೆಂದು ಒಮ್ಮೆಯಾದರೂ ಕೇಳಿದ್ದೀರಾ?

ಪುಯೆಬ್ಲಾ ನಗರದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಪಕ್ಕದ ಊರು ಚೊಲುಲಾದಿಂದ ಮೊದಲ ಬಸ್ಸಿಗೆ ಬಂದ ರುಪೆರ್ತಾ ಶಿಕಾಲೆ, ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಆವಿ ಹೀರುವ ಗಾಜಿನ ಗೂಡಿನ ಮುಂದೆ ನಿಂತಿದ್ದಾರೆ. ಬಿಳಿ ಪುಡಿ ತುಂಬಿದ ಕೊಳವೆಯಿಂದ ಕ್ಲೋರೋಫಾರ್ಮ್ ಹನಿಹನಿಯಾಗಿ ಇಳಿಯುತ್ತಿದೆ. ಕೆಡದಿರಲೆಂದು ಅಂಗಡಿಯ ಸೀಸೆಗೆ ಚೂರು ಆಲ್ಕೋಹಾಲ್ ಬೆರೆಸಿರುತ್ತಾರೆ. ಪುಡಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಕಾವಲು ತಪ್ಪಿದ ಮೇಲೆ, ಸೋಸಿದ್ದನ್ನು ಹೆಚ್ಚು ಕಾಲ ಇಟ್ಟರೆ ಕೆಟ್ಟು ವಿಷಾನಿಲ ಹುಟ್ಟೀತು.

“ತೊರ್ತಿಯಾ ರೊಟ್ಟಿ ಇದ್ದ ಹಾಗೆ. ಇವತ್ತಿಂದು ಇವತ್ತಿಗೇ,” ಎಂದು ನಗುತ್ತಾರೆ, ಇಟ್ಟಿಗೆ ಗೂಡಿನ ಕೆಲಸ ಬಿಟ್ಟು ಇಲ್ಲಿ ನೆಲ ಒರೆಸಲು ಸೇರಿ, ಈಗ ಸೀಸೆ ತೊಳೆದು ದ್ರವ ಸೋಸುವ ಈ ಹೆಂಗಸು.

ಇಷ್ಟು ಎಚ್ಚರವೇಕೆ? ಈ ದ್ರವದಲ್ಲಿ ಸಂಶೋಧಕಿ ನಯೆಲಿ ಕಟ್ಟುವ ಅಣುವಿನಲ್ಲಿ ಒಂದು ಉಂಗುರವಿದೆ, ಅದರೊಳಗೆ ತೂರುವ ಒಂದು ದಾರವಿದೆ. ದಾರದ ಎರಡೂ ತುದಿಗೆ ದಪ್ಪ ಗುಂಡು ಕೂರಿಸಿದರೆ ಉಂಗುರ ಮತ್ತೆ ಕಳಚದು. ಅಲ್ಲಿಯವರೆಗೆ ಉಂಗುರವೂ ದಾರವೂ ಒಂದರ ಕೈಯನ್ನೊಂದು ಹಿಡಿದಿರಬೇಕು. ನಡುವೆ ಆಲ್ಕೋಹಾಲ್ ನುಸುಳಿದರೆ ಅವು ಅದರ ಕೈ ಹಿಡಿದು ಪರಸ್ಪರ ಬಿಟ್ಟುಬಿಡುತ್ತವೆ.

ಕಳೆದ ವರ್ಷ ರುಪೆರ್ತಾ ಮಂಡಿಯ ಶಸ್ತ್ರಚಿಕಿತ್ಸೆಗೆಂದು ರಜೆ ಹಾಕಿದಾಗ, ನಯೆಲಿ ಅಂಗಡಿಯ ಸೀಸೆಯಿಂದಲೇ ಸುರಿದುಕೊಂಡಳು. ಬಹುಪಾಲು ದಾರಗಳು ಬರಿದಾಗಿಯೇ ಉಳಿದವು. ತನ್ನ ಅಣುವೇ ತಪ್ಪೆಂದು ಅವಳು ಸಂಶೋಧನಾ ಪ್ರಬಂಧವನ್ನೇ ಕೈಬಿಡುವ ಯೋಚನೆಗೆ ಬಂದಿದ್ದಳು. ರುಪೆರ್ತಾ ಮರಳಿದ ವಾರ ಉಂಗುರಗಳು ಸೇರಿದವು. ಎರಡು ಸೀಸೆಗಳನ್ನು ಹೋಲಿಸಿ ಕಾರಣ ಹಿಡಿದವಳು ನಯೆಲಿಯೇ.

“ದೋನ್ಯಾ ರುಪೆ, ತಪ್ಪು ನಂದಲ್ಲ, ನಿಮ್ಮ ಮಂಡೀದು,” ಅಂದಳಂತೆ; ದೋನ್ಯಾ ಎಂದರೆ ಅಮ್ಮಾವ್ರು.

“ಹಂಗಾದ್ರೆ ಪ್ರಬಂಧದಲ್ಲಿ ಮಂಡಿಗೂ ಒಂದು ಥ್ಯಾಂಕ್ಸ್ ಹಾಕು ಮಗಳೇ,” ಅಂದರಂತೆ ಇವರು.

ಬರುವ ಗುರುವಾರ ಹನ್ನೊಂದಕ್ಕೆ ಆ ಪ್ರಬಂಧದ ಮೌಖಿಕ ಪರೀಕ್ಷೆ. ಸಭೆ ಸಾರ್ವಜನಿಕ, ಮನೆಯವರು ಹೂಗುಚ್ಛ ಹಿಡಿದು ಮುಂದೆ ಕೂರುತ್ತಾರೆ, ಬಳಿಕ ಎಲ್ಲರಿಗೂ ಮೋಲೆ ಎಂಬ ಖಾರದ ಗೊಜ್ಜಿನ ಊಟ. ರುಪೆರ್ತಾ ಒಂದು ಗಂಟೆಯ ಬಿಡುವು ಕೇಳಿದರು. ಸೀಸೆ ತೊಳೆಯುವವರಿಗೂ ಪ್ರಬಂಧಕ್ಕೂ ಏನು ಸಂಬಂಧವೆಂದು ಕಚೇರಿ ನಿರಾಕರಿಸಿದೆ. ಇದನ್ನು ಶಿಸ್ತೆಂದು ಕರೆಯುವುದು ಸುಳ್ಳು, ಇದು ಕೃತಘ್ನತೆ.

ಅವರಿಗೆ ಮಾತ್ರ ಕೋಪವಿಲ್ಲ. “ಎಲ್ಲಾ ಅರ್ಥ ಆಗಬೇಕಂತ ಏನಿಲ್ಲ. ‘ಉಂಗುರ ಸೇರ್ತು’ ಅಂತ ಆ ಹುಡುಗಿ ಎಲ್ಲರ ಮುಂದೆ ಹೇಳೋದನ್ನ ಕೇಳಬೇಕು, ಅಷ್ಟೇ. ಆಮೇಲೆ ಬಂದು ಸೀಸೆ ತೊಳೀತೀನಿ.”

ಓದುಗರೇ, ಗುರುವಾರಕ್ಕೆ ಇನ್ನೂ ಸಮಯವಿದೆ. ವಿಭಾಗದ ಕಚೇರಿಗೆ ಹೋಗಿ, ಇಲ್ಲವೇ ಎರಡು ಸಾಲು ಬರೆದು, ಆ ಒಂದು ಗಂಟೆಯನ್ನು ರುಪೆರ್ತಾ ಶಿಕಾಲೆ ಅವರಿಗೆ ಕೊಡಿಸಿ. ಅವರ ಹೆಸರು ಹಿಡಿದೇ ಕೇಳಿ.