ಅವನ ಹೊಟ್ಟೆಗೆ ನನ್ನ ನಾಲಿಗೆ ತೋರಿಸಿದ್ದು

2014ರ ಸುಮಾರಿಗೆ ದುಬೈನ ಸತ್ವಾದಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಭಟ್ಕಳದ ಬಟ್ಟೆ ವ್ಯಾಪಾರಿ. ಸದಾ ಹೊಟ್ಟೆ ಉರಿ ಎನ್ನುತ್ತಿದ್ದ, ಡಾಕ್ಟರ್ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಚೀನೀ ಅಂಗಡಿಯೊಂದರಲ್ಲಿ ಹೊಟ್ಟೆಗೆ ಒಳ್ಳೆಯ ಬೇರಿನ ಪುಡಿ ಸಿಗುತ್ತದೆಂದು ಯಾರೋ ಅವನಿಗೆ ಹೇಳಿದ್ದರು.

"ಶುಕ್ರವಾರ ಆ ಕಡೆ ಹೋಗ್ತೀಯಲ್ಲ ಮಾರಾಯ, ನಂಗೂ ತಕೊಂಡು ಬಾ," ಎಂದ. ರಜೆಯಲ್ಲಿ ಹೊರಟವನು ಕೋಣೆಯವರೆಲ್ಲರ ಸಾಮಾನು ತರುವುದು ನಮ್ಮ ರೂಢಿ.

ಅಂಗಡಿಯ ಚೀನೀ ಹೆಂಗಸು ಸುಮ್ಮನೆ ಪುಡಿ ಕೊಡಲಿಲ್ಲ. ರೋಗಿಯ ನಾಡಿ, ನಾಲಿಗೆ ನೋಡಲೇಬೇಕು ಎಂದಳು. ಅವನನ್ನು ಕರೆದುಕೊಂಡು ಮತ್ತೆ ಅಷ್ಟು ದೂರ ಯಾರು ಬರುತ್ತಾರೆ? ರೋಗಿ ನಾನೇ ಎಂದು ಹೇಳಿ ನಾಲಿಗೆ ಚಾಚಿದೆ. ಹೊಟ್ಟೆಯಲ್ಲಿ ಶೀತ ಕೂತಿದೆ ಎಂದು ಒಣಶುಂಠಿ, ಚಕ್ಕೆ ಘಮ್ಮೆನ್ನುವ ಪುಡಿ ಕಟ್ಟಿಕೊಟ್ಟಳು.

ಅವನು ದಿನಾ ಕಷಾಯ ಮಾಡಿ ಕುಡಿದ.

"ಉರಿ ಜಾಸ್ತಿ ಆಗ್ತಾ ಉಂಟು ಮಾರಾಯ."

"ಔಷಧ ಅಲ್ವಾ, ಪಾಯಸ ಅಂದ್ಕೊಂಡ್ಯಾ? ಕುಡಿ, ಯಲ್ಲಾ!" ಎಂದು ಅರಬರ ಮಾತಲ್ಲೇ ಅವಸರಪಡಿಸಿದೆ.

ಎರಡನೇ ವಾರ ರಕ್ತ ವಾಂತಿಯಾಯಿತು. ಆಸ್ಪತ್ರೆಗೆ ಒಯ್ದೆವು. ಹಳೆಯ ಹುಣ್ಣು, ಖಾರದ ಕಷಾಯದಿಂದ ಕೆರಳಿರಬಹುದು ಎಂದರು ಡಾಕ್ಟರ್.

ಅವನು ನನ್ನತ್ತ ತಿರುಗಿ, "ಆ ಹೆಂಗಸಿಗೆ ನನ್ನ ಉರಿಯ ವಿಷ್ಯ ಎಲ್ಲ ಸರಿಯಾಗಿ ಹೇಳಿದ್ದಿಯಲ್ಲ?" ಎಂದು ಕೇಳಿದ.

"ಹೇಳಿದ್ದೆ," ಎಂದೆ.

ಅವನು ಗುಣವಾಗಿ ಮನೆಗೆ ಬಂದ. ಆದರೆ ಆಮೇಲೆ ವರ್ಷಗಟ್ಟಲೆ ಸಿಕ್ಕಸಿಕ್ಕವರಿಗೆಲ್ಲ ಆ ಚೀನೀ ಹೆಂಗಸನ್ನು ಮೋಸಗಾತಿ ಎಂದು ಬೈದ. ನಾನು ಪಕ್ಕದಲ್ಲೇ ಕೂತು ತಲೆಯಾಡಿಸಿದೆ.