ಮುಂದಿನ ಗಾಲಿಯ ವಿಭೂತಿ

ಫೋನು ಬಂದಾಗ ನಾನು ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಎತ್ತಿದರೆ, ಹಿಮಾಚಲದಿಂದ ನನ್ನ ತಮ್ಮ ಮಹದೇವ. “ಅಕ್ಕ, ಗೌರಿಗೆ ಮೂರು ತಿಂಗ್ಳಂತೆ ಕಣಕ್ಕ” ಎಂದ. ಗೌರಿ ಅವನ ಹೆಂಡತಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಿಯಾಗಿದ್ದಳು. ನಾನು ಏನು ಉತ್ತರ ಕೊಟ್ಟೆನೋ ಈಗ ನೆನಪಿಲ್ಲ. ಫೋನಿಟ್ಟು ಬಂದು ಮಿಕ್ಕ ಕಾಳನ್ನೆಲ್ಲ ಹಿತುಕಿ ಮುಗಿಸಿದ ಮೇಲೆ ನೋಡುತ್ತೇನೆ, ಸಿಪ್ಪೆಯನ್ನು ಪಾತ್ರೆಗೆ ಹಾಕಿ ಬೇಳೆಯನ್ನು ಮೊರಕ್ಕೆ ಹಾಕಿದ್ದೆ.

ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ದೇವರನ್ನು ನಂಬುವವಳು. ನಂಜನಗೂಡಿನಲ್ಲಿ ಸಂಸಾರ ಹೂಡಿದಾಗಿನಿಂದ, ಸೋಮವಾರ ನಂಜುಂಡೇಶ್ವರನ ಮುಖ ನೋಡದೆ ಬಾಯಿಗೆ ನೀರು ಹಾಕಿದವಳಲ್ಲ. ಆದರೆ ಪವಾಡದ ಕಥೆಗಳೆಂದರೆ ನನಗೆ ಆಗದು. ನಮ್ಮ ಬೀದಿಯ ಒಬ್ಬರು, ದೇವರ ಮನೆಯ ದೀಪ ಎಣ್ಣೆಯಿಲ್ಲದೆ ಮೂರು ದಿನ ಉರಿಯಿತು ಎಂದು ಎಲ್ಲರನ್ನೂ ಕರೆದು ತೋರಿಸಿದಾಗ, ಸೊಸೆ ಎಣ್ಣೆ ಹಾಕಿರುತ್ತಾಳೆ, ಪಾಪ ಅವಳನ್ನೂ ಒಂದು ಮಾತು ಕೇಳಿ ಎಂದು ಹೇಳಿ ನಿಷ್ಠುರ ಕಟ್ಟಿಕೊಂಡವಳು ನಾನು. ಅಂಥವಳು ಈಗ ಇದನ್ನು ಬರೆಯಬೇಕಾಗಿದೆ. ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ.

ನನ್ನ ತವರು ಮುಡುಕುತೊರೆ. ಮಹದೇವ ಟಿ. ನರಸೀಪುರದ ಒಂದು ಅಕ್ಕಿ ಗಿರಣಿಯ ಜೀಪಿನಲ್ಲಿ ಡ್ರೈವಿಂಗ್ ಕಲಿತವನು. ಆಮೇಲೆ ಯಾರದೋ ಮಾತಿನ ಮೇಲೆ, ಹಿಮಾಚಲದಲ್ಲಿ ಸುರಂಗ ಕೊರೆಯುವ ಕಂಪನಿಯೊಂದರಲ್ಲಿ ಸಾಹೇಬರ ಕಾರು ಓಡಿಸುವ ಕೆಲಸಕ್ಕೆ ಸೇರಿದ. ಹೋಗಿ ಎರಡು ತಿಂಗಳಾಗಿತ್ತು. ಹೆರಿಗೆಯ ಹೊತ್ತಿಗೆ ಊರಿಗೇ ವಾಪಸ್ ಬಂದುಬಿಡುತ್ತೇನೆ, ಆಮೇಲೆ ಈ ಕಡೆ ನಮ್ಮವರು ಯಾರು ಬರುತ್ತಾರೆ, ನೀವಿಬ್ಬರೂ ಬಂದು ಒಂದು ಸಲ ಹಿಮ ನೋಡಿಕೊಂಡು ಹೋಗಿ ಎಂದು ಅವನ ಹಟ. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರ ಎಲ್.ಟಿ.ಸಿ. ರಜೆ ಹಾಗೇ ಉಳಿದಿತ್ತು. ಹೊರಟೆವು.

ಹೊರಡುವ ಮುಂಚೆ ಮುಡುಕುತೊರೆಗೆ ಹೋಗಿ ಗೌರಿಯನ್ನು ನೋಡಿ ಬಂದೆ. ಅವಳಿಗೆ ಹಿಮದ ವಿಷಯ ಬೇಕಾಗಿರಲಿಲ್ಲ. “ಅತ್ಗೆ, ಅವ್ರ ಮೇಲೆ ಒಂದ್ ಕಣ್ಣಿಟ್ಟಿರಿ. ನಂಗೆ ಯಾಕೋ ನಿದ್ದೇನೇ ಬರಕಿಲ್ಲ” ಎಂದಳು. ಬಸುರಿಯ ಭಯ ಎಂದುಕೊಂಡು ತಲೆ ಸವರಿ ಬಂದೆ. ಆ ಭಯ ನನಗೂ ಅಂಟಿತೋ ಏನೋ, ರೈಲಿನ ಅಷ್ಟು ದಿನವೂ ನಾನು ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಸಾಮಾನು ಎಣಿಸಿದ್ದನ್ನೇ ಎಣಿಸುತ್ತಿದ್ದೆ. ಚಕ್ಕುಲಿ ಡಬ್ಬ, ರಾಗಿ ಹಿಟ್ಟು, ದೇವಸ್ಥಾನದ ವಿಭೂತಿ ಗಟ್ಟಿ, ಮತ್ತೆ ಮೊದಲಿಂದ.

ಶನಿವಾರ ಮಹದೇವ ಕೆಲಸದ ಜಾಗದಿಂದ ಒಂದು ಫೋರ್ ವೀಲ್ ಜೀಪು ಕೇಳಿ ತಂದ. ನಮ್ಮ ಕಡೆಯ ಜೀಪುಗಳಲ್ಲಿ ಹಿಂದಿನ ಎರಡು ಗಾಲಿಗೆ ಮಾತ್ರ ಇಂಜಿನ್ನಿನ ಎಳೆತ, ಇದರಲ್ಲಿ ನಾಲ್ಕಕ್ಕೂ ಇರುತ್ತದೆ, ಹಿಮದಲ್ಲಿ ಇದೇ ಬೇಕು ಎಂದು ವಿವರಿಸಿದ. ಭಾನುವಾರ ಬೆಳಗ್ಗೆ ಹೊರಡುವಾಗ, ಹೊಸ ದಾರಿ ಹಿಡಿಯುವ ಗಾಡಿಗೆ ಏನು ಮಾಡುತ್ತೇವೋ ಅದನ್ನೇ ನಾನು ಮಾಡಿದೆ. ವಿಭೂತಿ ತೇಯ್ದು ಮುಂದಿನ ಒಂದೊಂದು ಗಾಲಿಯ ನಟ್ಟನಡುವೆಯೂ ಮೂರು ಬೆರಳಲ್ಲಿ ಎಳೆದೆ, ಮೇಲೊಂದು ಕುಂಕುಮದ ಬೊಟ್ಟು ಇಟ್ಟೆ. ಚಳಿಗೆ ಬೆರಳು ಮರಗಟ್ಟಿದ್ದರಿಂದ ಗೆರೆ ಉದ್ದವಾಗಿ, ನಡುವಿನ ಉಬ್ಬು ದಾಟಿ ಆಚೀಚಿನ ಕಬ್ಬಿಣಕ್ಕೂ ಹೋಯಿತು. ಯಜಮಾನರು, ಜೀಪಿಗೇನು ನೆಗಡಿಯಾಗಿದೆಯೇ, ವಿಭೂತಿ ಬಳಿದದ್ದು ಸಾಕು, ಹತ್ತು ಎಂದು ತಮಾಷೆ ಮಾಡಿದರು.

ಹಿಮ ನೋಡಿದೆವು. ಬೆಟ್ಟದ ಮೇಲೆ ಒಂದು ಗಂಟೆ ಇದ್ದು, ಮುಟ್ಟಿ, ತುಳಿದು, ಫೋಟೋ ತೆಗೆಸಿಕೊಂಡದ್ದಾಯಿತು. ಮಧ್ಯಾಹ್ನ ಎರಡರ ಮೇಲೆ ಇಳಿಯಲು ಶುರು ಮಾಡಿದಾಗ ಹಿಮ ಬೀಳತೊಡಗಿತು. ಮೊದಲು ಅರಳಿನ ಹಾಗೆ, ಆಮೇಲೆ ದಾರಿಯೇ ಕಾಣದ ಹಾಗೆ.

ಒಂದು ತಿರುವಿನಲ್ಲಿ, ಎಡಗಡೆ ಬೆಟ್ಟದಿಂದ ಜಾರಿದ ಹಿಮದ ರಾಶಿ ಅರ್ಧ ರಸ್ತೆಗೆ ಬಿದ್ದಿತ್ತು. ಬಲಗಡೆ ಕಣಿವೆ. ಎರಡರ ನಡುವೆ ತೂರಿಸಿಕೊಂಡು ಹೋಗಬೇಕು. ಮಹದೇವ ಮೆಲ್ಲಗೆ ಬಿಟ್ಟ. ಜೀಪು ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಾರಿತು. ಬ್ರೇಕು ಒತ್ತಿದರೂ ಜಾರಿತು. ನಿಂತಾಗ ನನ್ನ ಪಕ್ಕದ ಎಡಬದಿ ಪೂರ್ತಿ ಹಿಮದ ರಾಶಿಯೊಳಗೆ ಒತ್ತಿಕೊಂಡಿತ್ತು, ಕಿಟಕಿಯ ಗಾಜಿನವರೆಗೂ ಬರೀ ಬಿಳುಪು. ತಮ್ಮನ ಕಡೆಯ ಮುಂದಿನ ಗಾಲಿ ರಸ್ತೆಯ ಕಟ್ಟಕಡೆಯ ಅಂಚಿನಲ್ಲಿತ್ತು. ಅವನು ಬಾಗಿಲು ತೆರೆದರೆ ಕಾಲಿಡಲು ನೆಲವಿರಲಿಲ್ಲ. ಹಿಂದೆ ಕೂತಿದ್ದ ಯಜಮಾನರು ಹಿಂಬಾಗಿಲಿನಿಂದ ಇಳಿಯಲು ಎದ್ದರು.

“ಭಾವ, ಇಳೀಬ್ಯಾಡಿ. ನಿಮ್ಮ ತೂಕ ಇಂದ್ಗಡೆ ಇರ್ಬೇಕು” ಎಂದ ಮಹದೇವ. ಅವರು ಹಾಗೇ ಕೂತರು.

ಅವನು ಫೋರ್ ವೀಲಿನ ಲಿವರ್ ಎಳೆದು ರಿವರ್ಸ್ ಹಾಕಿದ. ಹಿಂದಿನ ಗಾಲಿಗಳು ಗಿರ್ರೆಂದು ಸುತ್ತಿದವು, ಜೀಪು ಹಿಂದಕ್ಕೆ ಬರುವ ಬದಲು ಬೆರಳಗಲ ಬಲಕ್ಕೆ ಸರಿಯಿತು. ಇನ್ನೊಮ್ಮೆ ಹಾಕಿದ. ಇನ್ನೊಂದು ಬೆರಳಗಲ. ಮೂರನೇ ಸಲ ಅವನು ಹಾಕಲಿಲ್ಲ. ಇಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ.

ಸುಮಾರು ಕಾಲು ಗಂಟೆ ಹಾಗೆ ಕೂತಿದ್ದೆವು. ಮೇಲಿಂದಲೂ ಕೆಳಗಿಂದಲೂ ಒಂದು ಗಾಡಿ ಬರಲಿಲ್ಲ. ಉಸಿರಾಡಿದರೂ ಜೀಪು ಅಲ್ಲಾಡುತ್ತದೆಯೇನೋ ಎನ್ನಿಸುತ್ತಿತ್ತು. ಆಗ ಅವನು ನನ್ನ ಕಡೆ ತಿರುಗದೆಯೇ ಹೇಳಿದ:

“ಅಕ್ಕ, ಏನಾರ ಆದ್ರೆ ನೀನು ಸೀಟ್ ಮೇಲಿಂದ ಇಂದಕ್ಕೆ ದಾಟ್ಬುಡು. ಗೌರಿಗೆ ಬೇರೆ ಯಾರೂ ಹೇಳ್ಬಾರ್ದು, ನೀನೇ ಹೇಳು.”

ನಾನು ಅವನ ತೋಳು ಹಿಡಿದುಕೊಂಡೆ. ಪಂಚಾಕ್ಷರಿ ಬಾಯಲ್ಲಿ ಇತ್ತು, ಆದರೆ ನಿಜ ಹೇಳಬೇಕೆಂದರೆ ಮನಸ್ಸು ಅದರಲ್ಲಿ ಇರಲಿಲ್ಲ. ಅವಳಿಗೆ ಯಾವ ಮಾತಿನಿಂದ ಶುರು ಮಾಡಲಿ ಎಂದೇ ಯೋಚಿಸುತ್ತಿದ್ದೆ.

ಆಗ ಎಡಗಡೆಯಿಂದ, ನನ್ನ ಪಾದದ ಮುಂದೆ, ‘ಕಟಕ್’ ಎಂದು ಒಂದು ಸದ್ದಾಯಿತು. ದೊಡ್ಡದಲ್ಲ, ಗ್ಯಾಸ್ ಒಲೆಯ ತಿರುಪು ತಿರುಗಿಸಿದಷ್ಟು. ಸ್ವಲ್ಪ ತಡೆದು, ಬಲಗಡೆಯಿಂದ ಅಂಥದೇ ಇನ್ನೊಂದು. ಅದು ಮೂವರಿಗೂ ಕೇಳಿಸಿತು. ಮಹದೇವ ಅಂಚಿನ ಕಲ್ಲು ಬಿರುಕು ಬಿಟ್ಟಿತು ಎಂದುಕೊಂಡನಂತೆ. ಇನ್ನು ಕಾಯುವಂತಿಲ್ಲ ಎಂದು ಇಂಜಿನ್ ಚಾಲು ಮಾಡಿ ರಿವರ್ಸ್ ಹಾಕಿದ. ಈ ಸಲ ಎಳೆತ ಮುಂದಿನಿಂದ ಬಂತು. ಅದು ನನ್ನ ಅಂಗಾಲಿಗೇ ಗೊತ್ತಾಯಿತು. ಜೀಪು ಕೆಸರಿನಿಂದ ಏಳುವ ಎಮ್ಮೆಯ ಹಾಗೆ ಒಂದು ಸಲ ನಡುಗಿ, ಹಿಂದಕ್ಕೆ ಬಂದು ರಸ್ತೆಯ ಮಧ್ಯೆ ನಿಂತಿತು. ಹಿಮದ ರಾಶಿಯ ಅಂಚನ್ನು ಹತ್ತಿಸಿಕೊಂಡೇ ಆಮೇಲೆ ದಾಟಿದೆವು.

ಮೈಲಿ ಕೆಳಗೆ ಒಂದು ಟೀ ಅಂಗಡಿಯಲ್ಲಿ ನಿಲ್ಲಿಸಿದ. ಅಂಗಡಿಯ ಮುದುಕರು ಸಮಾಚಾರ ಕೇಳಿ, ಮುಂದಿನ ಗಾಲಿಗಳ ಲಾಕು ಹಾಕಿಕೊಂಡು ತಾನೇ ಹೋಗಿದ್ದು ಎಂದು ಹಿಂದಿಯಲ್ಲಿ ವಿಚಾರಿಸಿದರು. ಮಹದೇವನ ಮುಖ ಸಪ್ಪಗಾಯಿತು. ಹಾಕಿರಲಿಲ್ಲ, ಮರೆತೆ ಎಂದ.

ಆಗಲೇ ನನಗೆ ತಿಳಿದದ್ದು. ಆ ಥರದ ಜೀಪಿನಲ್ಲಿ ಒಳಗಿನ ಲಿವರ್ ಎಳೆದರೆ ಮಾತ್ರ ಸಾಲದು. ಮುಂದಿನ ಎರಡೂ ಗಾಲಿಗಳ ನಡುವಿನ ಉಬ್ಬಿನಲ್ಲಿ ಒಂದೊಂದು ತಿರುಪು ಇರುತ್ತದೆ. ಕೆಳಗಿಳಿದು, ಕೈಯಿಂದ ಅದನ್ನು ತಿರುಗಿಸಬೇಕು. ಇಲ್ಲದಿದ್ದರೆ ಮುಂದಿನ ಗಾಲಿಗಳಿಗೆ ಎಳೆತವೇ ಇಲ್ಲ. ನರಸೀಪುರದ ರಸ್ತೆಯಲ್ಲಿ ಅದನ್ನು ಮುಟ್ಟಬೇಕಾದ ಪ್ರಸಂಗ ಯಾರಿಗೂ ಬಂದಿರುವುದಿಲ್ಲ.

ಮುದುಕರು ಬಗ್ಗಿ ನೋಡಿ, ಹಾಕಿದೆಯಲ್ಲಪ್ಪ, ಎರಡೂ ಹಾಕಿದೆ ಎಂದರು.

ನಾವು ಮೂವರೂ ಬಗ್ಗಿದೆವು. ಎಡಗಡೆಯದು ಹಿಮಕ್ಕೆ ತೊಳೆದುಹೋಗಿತ್ತು. ಬಲಗಡೆಯದರಲ್ಲಿ ನನ್ನ ವಿಭೂತಿ ಹಾಗೇ ಇತ್ತು. ಆಚೀಚಿನ ಕಬ್ಬಿಣದ ಮೇಲೆ ಗೆರೆಯ ತುದಿಗಳು ಎಳೆದಲ್ಲಿಯೇ ಇದ್ದವು, ನಡುವಿನ ತಿರುಪಿನ ಮೇಲಿನ ಮೂರು ಗೆರೆಗಳು ಮಾತ್ರ ಅವಕ್ಕೆ ಅಡ್ಡವಾಗಿ ತಿರುಗಿ ನಿಂತಿದ್ದವು. ಒಂದು ಬೆರಳಿನ ಗುರುತಿಲ್ಲ. ಕುಂಕುಮ ಕೂಡ ಕದಡಿರಲಿಲ್ಲ.

ಎಷ್ಟೋ ವರ್ಷವಾಯಿತು. ಅಲ್ಲಾಡುವಾಗ ತಾನಾಗೇ ತಿರುಗಿರುತ್ತದೆ ಎಂದು ನಮ್ಮ ಯಜಮಾನರು ಇವತ್ತಿಗೂ ಹೇಳುತ್ತಾರೆ. ತಾಂಡವಪುರದ ಒಬ್ಬ ಮೆಕ್ಯಾನಿಕ್ಕನ್ನು ಕೇಳಿದೆ. ಅದು ಬಿಗಿ ಇರುತ್ತೆ ಕಣಮ್ಮ, ಕೈ ಹಾಕದೆ ತಿರುಗಲ್ಲ, ಎರಡೂ ಅಂತೂ ಇಲ್ಲವೇ ಇಲ್ಲ, ನಿಮ್ಮ ತಮ್ಮನೇ ಹಾಕಿ ಮರೆತಿರಬೇಕು ಎಂದ. ತಮ್ಮ ಹಾಕಿದ್ದರೆ ವಿಭೂತಿ ಅಳಿಸಿಹೋಗಬೇಕಿತ್ತು. ಅಲ್ಲಿ ಇಳಿದು ಹಾಕಲು ಒಂದು ಕಡೆ ಹಿಮ, ಇನ್ನೊಂದು ಕಡೆ ಪಾತಾಳ. ಈ ಲೆಕ್ಕವನ್ನು ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ದೇವಸ್ಥಾನದ ಸಾಲಿನಲ್ಲಿ ನಿಂತು ಮತ್ತೆ ಮತ್ತೆ ಹಾಕಿದ್ದೇನೆ. ಹೊಂದುವುದಿಲ್ಲ.

ಅವತ್ತು ಸಂಜೆ ಅವನ ಕ್ವಾರ್ಟರ್ಸಿಗೆ ಬಂದು ಒಲೆಯ ಮುಂದೆ ಒದ್ದೆ ಕಾಲುಚೀಲ ಹಿಂಡುತ್ತಿದ್ದೆ. ಅಷ್ಟು ಮುಖ್ಯವಾದದ್ದನ್ನು ಹೇಗೆ ಮರೆತೆಯೋ, ಹೇಳಿಕೊಟ್ಟವರು ಯಾರೂ ಇರಲಿಲ್ಲವೇ ಎಂದು ಬೈದೆ. ಅವನು ಭಾವ ಪಕ್ಕದಲ್ಲಿ ಇಲ್ಲವೆಂದು ನೋಡಿಕೊಂಡು ಹೇಳಿದ:

“ಮರ್ತಿರ್ಲಿಲ್ಲ ಕಣಕ್ಕ. ಬೆಳಗ್ಗೆ ತಿರುಗಿಸಾಣ ಅಂತ ಬಗ್ಗಿದೆ. ನೀನು ಈಬೂತಿ ಹಚ್ಚಿದ್ದೆ. ಅದ್ನ ಹೆಂಗ್ ಅಳಿಸ್ಲಿ? ಒಳಗಿನ ಲಿವರ್ ಒಂದೇ ಸಾಕಾಗ್ತದೆ ಅಂದ್ಕಂಡೆ.”

ಕೈಯಲ್ಲಿದ್ದ ಕಾಲುಚೀಲದಿಂದ ನೀರು ನನ್ನ ಪಾದದ ಮೇಲೆ ಸುರಿಯುತ್ತಿದ್ದದ್ದು ಗೊತ್ತಾಗಲಿಲ್ಲ. ಅವನ ಕೈ ತಡೆದದ್ದು ನನ್ನ ವಿಭೂತಿ. ಹಾಗಾದರೆ ತಿರುಗಿಸಿದ್ದು ಯಾರ ಕೈ? ಕಾಪಾಡಿದ ಎಂದು ಕೈ ಮುಗಿಯಲೋ, ತಪ್ಪಾಯಿತು ಎಂದು ಕೈ ಮುಗಿಯಲೋ, ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ಮಹದೇವ ಎದುರಿಗೆ ಕೂತು ಚಕ್ಕುಲಿ ಮುರಿಯುತ್ತಿದ್ದ. ಸದ್ಯಕ್ಕೆ ಅಷ್ಟು ಸಾಕೆನಿಸಿತು.

ಏಳು ಗಂಟೆಗೆ ಪಕ್ಕದ ಎಸ್.ಟಿ.ಡಿ. ಬೂತಿನಿಂದ ಮುಡುಕುತೊರೆಗೆ ಫೋನು ಮಾಡುವುದು ಭಾನುವಾರದ ರೂಢಿ. ಗೌರಿ ಪಕ್ಕದ ಮನೆಯ ಫೋನಿನ ಹತ್ತಿರ ಕಾದಿರುತ್ತಿದ್ದಳು. ಮೊದಲು ನಾನೇ ಮಾತಾಡಿದೆ.

“ಹಿಮ ಹೆಂಗಿತ್ತು ಅತ್ಗೆ?”

“ಬೆಳ್ಳಗಿತ್ತು ಕಣವ್ವ. ನೋಡಿದ್ವಿ, ಬಂದ್ವಿ.”

“ಅವ್ರು ಚೆನ್ನಾಗವ್ರಾ?”

“ಇಲ್ಲೇ ಅವ್ನೆ. ನೀನೇ ಕೇಳು.”

ರಿಸೀವರನ್ನು ಅವನ ಕೈಗೆ ಕೊಟ್ಟೆ. ಅವನು ಗೋಡೆಯ ಕಡೆ ಮುಖ ಮಾಡಿ, ಊಟ ಆಯ್ತಾ ಎಂದು ಕೇಳುತ್ತಿದ್ದ. ನಾನು ಕ್ವಾರ್ಟರ್ಸಿಗೆ ವಾಪಸ್ ಬಂದೆ. ಎಸರು ಕುದಿದು ಅರ್ಧಕ್ಕೆ ಇಳಿದಿತ್ತು. ಇನ್ನೊಂದು ಲೋಟ ನೀರು ಹುಯ್ದು, ರಾಗಿ ಹಿಟ್ಟು ಹಾಕಿ, ಗಂಟಾಗದ ಹಾಗೆ ತೊಳಸತೊಡಗಿದೆ.