ಸುಂಕದಕಟ್ಟೆ ಎದ್ದ ಊರು

ದೆಹಲಿಯ ಆ ಸರ್ಕಾರಿ ಕಚೇರಿಯ ಚಿತ್ರ ವಿಭಾಗದಲ್ಲಿ ಕನ್ನಡ ಓದಬಲ್ಲವಳು ಜಲಜಾ ಒಬ್ಬಳೇ. ಮೂವತ್ತೊಂದು ವರ್ಷದಿಂದ, ಹಳೆಯ ಫೋಟೋ ಒಂದರ ಬೆನ್ನಿನಲ್ಲಿ ದುಂಡಗಿನ ಅಕ್ಷರ ಕಂಡರೆ ಸಾಕು, ಅದು ಅವಳ ಮೇಜಿಗೆ ಬರುತ್ತಿತ್ತು. ಕೆಲವೊಮ್ಮೆ ತೆಲುಗೂ ಬರುತ್ತಿತ್ತು. ನಕ್ಕು ವಾಪಸ್ ಕಳಿಸುತ್ತಿದ್ದಳು. ಚಿತ್ರ ಎಲ್ಲಿಯದು, ಏನು ಎಂದು ಅವಳು ಬರೆದ ಚೀಟಿಯನ್ನು ಯಾರೂ ತಿದ್ದುತ್ತಿರಲಿಲ್ಲ. ತಿದ್ದಲು ಯಾರಿಗೂ ಬರುತ್ತಲೂ ಇರಲಿಲ್ಲ. ಅದೇ ಅವಳ ಹೆಮ್ಮೆ, ಅದೇ ಭಯ.

ನಿವೃತ್ತಿಗೆ ಎರಡು ವಾರವಿದ್ದಾಗ, ಹಳೆಯ ಕಟ್ಟಡಗಳ ಪ್ರದರ್ಶನಕ್ಕೆಂದು ಒಂದು ಚಿತ್ರ ಬಂತು. ಅರ್ಧ ಎದ್ದ ಗೋಡೆ, ಮೂರು ಕಮಾನು, ಬಿದಿರಿನ ಸಾರುವೆ, ತಲೆಯ ಮೇಲೆ ಕಲ್ಲು ಹೊತ್ತ ಹೆಂಗಸರು. ಬೆನ್ನಲ್ಲಿ ಪೆನ್ಸಿಲಿನ ಬರಹ: 'ಸುಂಕದಕಟ್ಟೆ ಏಳುತ್ತಿರುವುದು, ೧೯೧೧.' ತುಮಕೂರಿನ ಜಲಜಾಗೆ ಸುಂಕದಕಟ್ಟೆ ಎಂದರೆ ಒಂದೇ, ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಚಿಕ್ಕಮ್ಮನ ಮನೆಯಿದ್ದ ಬಡಾವಣೆ. 'ಸುಂಕದಕಟ್ಟೆ, ಬೆಂಗಳೂರು' ಎಂದು ಬರೆದು ಸಹಿ ಹಾಕಿದಳು.

ಭಾನುವಾರ ಬೆಳಿಗ್ಗೆ ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ದೋಸೆ ಹುಯ್ಯುತ್ತಾ, ಮೊಬೈಲಿನಲ್ಲಿದ್ದ ಆ ಚಿತ್ರವನ್ನು ಗಂಡನಿಗೆ ತೋರಿಸಿದಳು. ಗೋಪಿನಾಥ ಕುಂದಾಪುರದ ಕಡೆಯ ಹೊಸಕಡವು ಎಂಬ ಕಡಲೂರಿನವನು.

"ಬೆಂಗಳೂರಾ? ಮಾರಾಯ್ತಿ, ಇದು ನಮ್ಮ ಕರಾವಳಿಯ ಮುರಕಲ್ಲು! ತೂತು ತೂತು ಕಾಣ್ತಿಲ್ವಾ? ಬೆಂಗಳೂರಿಗೆ ಮುರಕಲ್ಲು ಎಲ್ಲಿಂದ ಬರ್ಬೇಕು?"

"ಸುಂಕದಕಟ್ಟೆ ಅಂತ ಬರೆದಿದೆಯಲ್ರೀ."

"ದೋಣಿ ಸಾಮಾನಿಗೆ ಸುಂಕ ವಸೂಲಿ ಮಾಡ್ತಿದ್ದ ಕಟ್ಟಡಕ್ಕೇ ನಮ್ಮೂರಲ್ಲಿ ಸುಂಕದಕಟ್ಟೆ ಅನ್ನೋದು. ಈಗಲೂ ನಿಂತಿದೆ, ಮೀನುಗಾರರ ಸೊಸೈಟಿ ಅದರಲ್ಲೇ. ನಡುವಿನ ಕಮಾನು ನೋಡು, ಸೊಟ್ಟ. ಮೇಸ್ತ್ರಿ ಕುಡಿದು ಕಟ್ಟಿದ್ದ ಅಂತ ಊರೆಲ್ಲ ನಗ್ತದೆ."

ಜಲಜಾ ಚಿತ್ರ ಹಿಗ್ಗಿಸಿದಳು. ಕಮಾನು ಎಡಕ್ಕೆ ವಾಲಿತ್ತು. ಮೂಲೆಯಲ್ಲಿ ಅವಳು ಮರದ ಕೊಂಬೆ ಅಂದುಕೊಂಡದ್ದು ದೋಣಿಯ ಮೂತಿ. ಕಾವಲಿಯ ಮೇಲೆ ದೋಸೆ ಸೀದಿತು.

ಪ್ರದರ್ಶನದ ಫಲಕಗಳು ಮರುದಿನವೇ ಅಚ್ಚಿಗೆ ಹೋಗಲಿದ್ದವು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಬಾಯಿ ಬಿಟ್ಟರೆ, ಉಳಿದ ಸಾವಿರಾರು ಚೀಟಿಗಳನ್ನು ಯಾರು ನಂಬುತ್ತಾರೆ?

"ಏನು ಯೋಚನೆ? ನಮ್ಮೂರನ್ನ ಎತ್ತಿ ಮಾಗಡಿ ರಸ್ತೆಗೆ ಹಾಕಿದ್ದೀಯ. ಬಸ್ಸಲ್ಲೇ ರಾತ್ರಿ ಪೂರ್ತಿ ಬೇಕು ಅಲ್ಲಿಗೆ."

"ಸುಮ್ನಿರಿ ಸ್ವಲ್ಪ," ಎಂದು ಜಲಜಾ ಒಲೆ ಆರಿಸಿ, ವಿಭಾಗದ ಮುಖ್ಯಸ್ಥೆ ಅಮಿತಾ ಮೇಡಂಗೆ ಫೋನ್ ಮಾಡಿದಳು. ಹಿಂದಿಯಲ್ಲಿ ಎಲ್ಲ ಹೇಳಿದಳು. ಅದು ಊರಿನ ಹೆಸರಲ್ಲ, ಕಟ್ಟಡದ್ದು, ತಪ್ಪು ತನ್ನದೇ.

ಆ ಕಡೆಯಿಂದ ಜೋರಾದ ನಗು. "ಅಚ್ಛಾ! ಬೆನ್ನಲ್ಲಿ 'ಧರ್ಮಶಾಲಾ' ಅಂತಿದ್ದ ಫೋಟೋನ ನಾನು ಹಿಮಾಚಲಕ್ಕೆ ಸೇರಿಸಿದ್ದೆ, ಜಲಜಾಜಿ. ಅದು ಮಥುರಾದ ಒಂದು ಛತ್ರ! ಪುಸ್ತಕ ಅಚ್ಚಾದ ಮೇಲೆ ಗೊತ್ತಾಯ್ತು. ನಿಮ್ಮದು ಬೇಗ ಸಿಕ್ಕಿತು. ಹೊಸ ಸಾಲು ಈಗಲೇ ಕಳಿಸಿ."

"ನನ್ನ ಉಳಿದ ಚೀಟಿಗಳನ್ನೂ ತೆಗೆಸಿ ನೋಡ್ತೀರಾ ಮೇಡಂ?"

"ಯಾಕೆ? ತಪ್ಪಿದ್ದರೆ ನೀವೇ ಫೋನ್ ಮಾಡ್ತೀರಲ್ಲ."

ಜಲಜಾ ಅಡುಗೆಮನೆಯ ನೆಲದ ಮೇಲೇ ಕುಳಿತುಬಿಟ್ಟಳು. ಕಣ್ಣು ಒರೆಸಿಕೊಂಡು, ಒಂದೊಂದೇ ಅಕ್ಷರ ಒತ್ತಿದಳು: 'ಸುಂಕದಕಟ್ಟೆ, ಹೊಸಕಡವು ಬಂದರು. ಕಟ್ಟುತ್ತಿರುವಾಗ.' ಗಂಡನಿಂದ ಎರಡು ಸಲ ಜೋರಾಗಿ ಓದಿಸಿ, ಕಳಿಸಿದಳು.